ಕೋನಪ್ಪ ಬರೆದ ಮೂರು ಸಾಲು

ಯಾರಾದರೂ ಗಂಗುಲಪ್ಪನನ್ನು ವ್ಯಾಪಾರ ಹೇಗಿದೆ ಎಂದು ಕೇಳಿದರೆ ಅವನು ಮೊದಲು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದ. ಆಮೇಲೆ, "ಏನೈತೆ ಸ್ವಾಮಿ, ಎಲ್ಲಾ ಡಲ್ಲು" ಎನ್ನುತ್ತಿದ್ದ. ಬೆನ್ನ ಹಿಂದೆ ಎರಡು ಎಕರೆ ತುಂಬ ಮಾವಿನ ಕಸಿ ಗಿಡಗಳು ಕರಿ ಪ್ಲಾಸ್ಟಿಕ್ ಚೀಲಗಳಲ್ಲಿ ಸಾಲಾಗಿ ನಿಂತಿದ್ದರೂ, ಗೇಟಿನ ಹತ್ತಿರ ಲಾರಿಗೆ ಗಿಡ ತುಂಬುತ್ತಿದ್ದರೂ ಈ ಮಾತು ಬದಲಾಗುತ್ತಿರಲಿಲ್ಲ. ಇದೆ ಎಂದರೆ ಕಣ್ಣು ಬೀಳುತ್ತದೆ. ಕಣ್ಣು ಬಿದ್ದರೆ ಗಿಡ ಒಣಗುತ್ತದೆ, ಇಲ್ಲವೇ ಯಾವುದಾದರೂ ಆಫೀಸಿನವರು ಫೈಲು ಹಿಡಿದುಕೊಂಡು ಬರುತ್ತಾರೆ. ನಮ್ಮ ಕಡೆ ಇದನ್ನು ಯಾರೂ ಸುಳ್ಳು ಎಂದು ಕರೆಯುವುದಿಲ್ಲ. ಹಾಗೆ ಹೇಳದವನನ್ನೇ ಜಂಬದವನು ಎನ್ನುತ್ತಾರೆ. ಆದರೆ ಗಂಗುಲಪ್ಪ ಈ ಅಭ್ಯಾಸವನ್ನು ಮಿಕ್ಕವರಿಗಿಂತ ನಾಲ್ಕು ಹೆಜ್ಜೆ ಮುಂದಕ್ಕೆ ಒಯ್ದಿದ್ದ. ದುಡ್ಡು ಹಿಡಿದು ಗಿಡ ಕೊಳ್ಳಲು ಬಂದವನಿಗೂ ಮೊದಲು ಇಲ್ಲ ಎಂದು, ಅವನ ಊರು ಯಾವುದು, ಯಾರ ಕಡೆಯವನು ಎಂದೆಲ್ಲ ವಿಚಾರಿಸಿ, ಆಮೇಲೆ ಒಂದಿಷ್ಟು ಉಳಿದಿರಬೇಕು ನೋಡೋಣ ಬನ್ನಿ ಎಂದು ಒಳಗೆ ಕರೆದುಕೊಂಡು ಹೋಗುತ್ತಿದ್ದ.

ನರ್ಸರಿ ಇದ್ದದ್ದು ಚಿಂತಾಮಣಿಯಿಂದ ಕೈವಾರಕ್ಕೆ ಹೋಗುವ ರಸ್ತೆಯಲ್ಲಿ. ಹೆಂಡತಿ ಅಶ್ವತ್ಥಮ್ಮನ ಹೆಸರಿನಲ್ಲಿ ಅದಕ್ಕೆ ಅಶ್ವತ್ಥ ನರ್ಸರಿ ಎಂದು ಬೋರ್ಡು ಬರೆಸಿದ್ದ. ಗಂಡ ಹೆಂಡತಿಗೆ ಮಕ್ಕಳಾಗಲಿಲ್ಲ. ಮಂಚೇನಹಳ್ಳಿಯಲ್ಲಿ ಟೀ ಹೋಟೆಲು ಇಟ್ಟಿದ್ದ ತಮ್ಮ ಮುನಿಗಂಗಪ್ಪನ ಎರಡನೇ ಮಗ ಜಗನ್‌ನನ್ನು ಹತ್ತು ವರ್ಷದವನಿದ್ದಾಗ ಕರೆತಂದು ಓದಿಸಿದ್ದರು. ಈಗ ಅವನಿಗೆ ಇಪ್ಪತ್ತಮೂರು. ಬಿ.ಕಾಂ. ಮುಗಿಸಿ ನರ್ಸರಿಯಲ್ಲೇ ನಿಂತಿದ್ದ. ನರ್ಸರಿಯನ್ನು ಅವನ ಹೆಸರಿಗೆ ಬರೆದುಬಿಡಿ, ನಮಗಿನ್ಯಾರಿದ್ದಾರೆ ಎಂದು ಅಶ್ವತ್ಥಮ್ಮ ಎರಡು ವರ್ಷದಿಂದ ಹೇಳುತ್ತಿದ್ದಳು. ಗಂಗುಲಪ್ಪನಿಗೂ ಅದೇ ಆಸೆ. ಹುಡುಗನನ್ನು ಮಗ ಎಂದುಕೊಳ್ಳಬೇಕು, ಎಲ್ಲವನ್ನೂ ಅವನ ಕೈಗೆ ಹಾಕಿ ನಿಶ್ಚಿಂತೆಯಾಗಿ ಕೂರಬೇಕು ಎಂದು ಅವನ ಜೀವ ಬಡಿದುಕೊಳ್ಳುತ್ತಿತ್ತು. ಆದರೆ ಪತ್ರ ಬರೆಯುವವರ ಹತ್ತಿರ ಹೋಗುವ ದಿನ ಬಂದಾಗಲೆಲ್ಲ ಒಂದು ಯೋಚನೆ ಅಡ್ಡ ಬರುತ್ತಿತ್ತು: ಇವನು ಮಗನೋ, ತಮ್ಮನ ಮಗನೋ? ಕೈಗೆ ಕೊಟ್ಟ ಮಾರನೆಯ ದಿನವೇ ಹೆತ್ತ ಅಪ್ಪನನ್ನು ಕರೆದು ಕೂರಿಸಿಬಿಟ್ಟರೆ?

2009ರ ಯುಗಾದಿ ಕಳೆದ ಮೇಲೆ ಜಗನ್ ಹೊಸ ಮಾತು ತೆಗೆದ. ತೋಟ ಮಾಡಲು ಜಮೀನು ಕೊಂಡ ಬೆಂಗಳೂರಿನವರೆಲ್ಲ ಈಗ ಗಿಡ ಎಲ್ಲಿ ಸಿಗುತ್ತದೆ ಎಂದು ಊರೂರು ಅಲೆಯುವುದಿಲ್ಲ, ಕಂಪ್ಯೂಟರಿನಲ್ಲಿ ಹುಡುಕುತ್ತಾರೆ ಎಂದ. ಚಿಂತಾಮಣಿ, ಮಾವಿನ ಸಸಿ ಎಂದು ಇಂಗ್ಲಿಷಿನಲ್ಲಿ ಹೊಡೆದರೆ ಆಂಧ್ರದ ನರ್ಸರಿ ಬರುತ್ತದೆ, ತಮಿಳುನಾಡಿನದು ಬರುತ್ತದೆ, ಬೆಂಗಳೂರಿನ ಜ್ಯೂಸಿನ ಅಂಗಡಿ ಕೂಡ ಬರುತ್ತದೆ. ನಮ್ಮದು ನಾಲ್ಕನೇ ಪುಟಕ್ಕೆ ಹೋದರೂ ಕಾಣುವುದಿಲ್ಲ ಎಂದ. ಇಪ್ಪತ್ತೈದು ವರ್ಷದಿಂದ ರಸ್ತೆ ಪಕ್ಕದಲ್ಲೇ ಇರುವ ನರ್ಸರಿ ಹೇಗೆ ಕಾಣುವುದಿಲ್ಲ ಎಂಬುದು ಗಂಗುಲಪ್ಪನಿಗೆ ಅರ್ಥವಾಗಲಿಲ್ಲ. ಕಾಣಿಸದಿದ್ದರೆ ಒಳ್ಳೆಯದೇ ಅಲ್ಲವೇ ಎಂದೂ ಅನಿಸಿತು.

ಹುಡುಗ ಬಿಡಲಿಲ್ಲ. ಚಿಂತಾಮಣಿಯ ಸೈಬರ್ ಸೆಂಟರಿನಲ್ಲಿ ಕೂತು ನರ್ಸರಿಗೆ ಒಂದು ಪುಟ ಮಾಡಿಸಿದ. ಗಿಡಗಳ ಫೋಟೊ ಹಾಕಿದ. ಗೂಗಲ್ ನಕ್ಷೆಯಲ್ಲಿ ನರ್ಸರಿ ಇರುವ ಜಾಗಕ್ಕೆ ಗುರುತು ಹಾಕಿ, ವಿಳಾಸ, ಫೋನ್ ನಂಬರು ಬರೆದ. ಬಾದಾಮಿ, ಮಲ್ಲಿಕಾ, ಮಲಗೋವಾ, ಹೀಗೆ ಒಂದೊಂದು ತಳಿಯ ಹೆಸರನ್ನೂ ಜನ ಎಷ್ಟು ಥರ ತಪ್ಪಾಗಿ ಹೊಡೆಯಬಹುದೋ ಅಷ್ಟೂ ಥರ ಸೇರಿಸಿದ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿ ಎರಡು ವರ್ಷವಾಗಿದ್ದರೂ ಹೊರಗಿನವರು ಇನ್ನೂ ಕೋಲಾರ ಜಿಲ್ಲೆ ಎಂದೇ ಹುಡುಕುತ್ತಾರೆ ಎಂದು ಎರಡೂ ಜಿಲ್ಲೆಯ ಹೆಸರು ಬರೆದ. ಗಿಡ ಒಯ್ದ ಹಳೆಯ ಗಿರಾಕಿಗಳಿಗೆ ಫೋನ್ ಮಾಡಿ ಎರಡು ಒಳ್ಳೆ ಮಾತು ಬರೆಯಿರಿ ಎಂದು ಕೇಳಿಕೊಂಡ. ಪ್ರತಿ ವಾರ ಬಂದು ವರದಿ ಒಪ್ಪಿಸುತ್ತಿದ್ದ. ಮೂರನೇ ಪುಟಕ್ಕೆ ಬಂದೆವು ದೊಡ್ಡಪ್ಪ, ಎರಡನೇ ಪುಟಕ್ಕೆ ಬಂದೆವು ದೊಡ್ಡಪ್ಪ. ಜೂನ್ ಹೊತ್ತಿಗೆ ಮೊದಲನೇ ಪುಟದಲ್ಲಿ ಮೂರನೇ ಹೆಸರು ನಮ್ಮದು ಎಂದು ಕುಣಿದಾಡಿದ.

ಗಂಗುಲಪ್ಪನಿಗೆ ಹೊಸ ಚಿಂತೆ ಹತ್ತಿತು. ತಾಲ್ಲೂಕು ಕಚೇರಿಯಲ್ಲಿ ಒಂದು ಅರ್ಜಿ ಈ ಮೇಜಿನಿಂದ ಆ ಮೇಜಿಗೆ ಹೋಗಬೇಕಾದರೂ ಯಾರಾದರೂ ತಳ್ಳಬೇಕು. ಇಲ್ಲಿ ನಾಲ್ಕನೇ ಪುಟದಲ್ಲೂ ಇಲ್ಲದ ನಮ್ಮನ್ನು ಮೊದಲನೇ ಪುಟಕ್ಕೆ ತಳ್ಳುತ್ತಿರುವವನು ಯಾರು? ಅವನಿಗೆ ನಮ್ಮಿಂದ ಏನು ಬೇಕು? ಯಾರೂ ಇಲ್ಲ, ಅದು ತಾನಾಗೇ ಆಗುವುದು ಎಂದು ಜಗನ್ ಹೇಳಿದಾಗ ಅವನ ಅನುಮಾನ ಇನ್ನೂ ಗಟ್ಟಿಯಾಯಿತು. ಪುಗಸಟ್ಟೆ ನಡೆಯುವ ಕೆಲಸವನ್ನು ಅವನು ಜೀವಮಾನದಲ್ಲಿ ನೋಡಿರಲಿಲ್ಲ.

ಅದರ ಜೊತೆಗೆ ಫೋನುಗಳ ಕಾಟ ಬೇರೆ. ಹುಡುಗ ಪುಟದಲ್ಲಿ ಹಾಕಿದ್ದು ಗಂಗುಲಪ್ಪನ ನಂಬರನ್ನೇ. ಏಪ್ರಿಲ್ ತಿಂಗಳಲ್ಲಿ ಸುಮಾರು ಹದಿನೈದು ದಿನ ಗುರುತು ಪರಿಚಯ ಇಲ್ಲದವರೆಲ್ಲ ಫೋನ್ ಮಾಡಿದರು. ಎಷ್ಟು ಗಿಡ ಇದೆ, ಒಂದಕ್ಕೆ ಎಷ್ಟು, ಎಷ್ಟು ಎಕರೆ ನರ್ಸರಿ, ಬಿಲ್ಲು ಕೊಡುತ್ತೀರಾ ಎಂದು ಕೇಳಿದರು. ಬಿಲ್ಲು ಎಂಬ ಮಾತು ಕಿವಿಗೆ ಬಿದ್ದ ತಕ್ಷಣ ಗಂಗುಲಪ್ಪನಿಗೆ ಇವರು ಯಾರೆಂದು ಗೊತ್ತಾಗಿ ಹೋಯಿತು. ಏನೂ ಇಲ್ಲ ಸ್ವಾಮಿ, ಎಲ್ಲಾ ಖಾಲಿ, ನರ್ಸರಿ ಮುಚ್ಚೋ ಸ್ಥಿತೀಲಿ ಇದೀವಿ ಎಂದು ಒಬ್ಬೊಬ್ಬರಿಗೂ ಒಂದೇ ಪಾಠ ಒಪ್ಪಿಸಿದ. ಮೇ ತಿಂಗಳ ಹೊತ್ತಿಗೆ ಫೋನುಗಳು ನಿಂತವು. ತೆರಿಗೆಯವರನ್ನು ಸುಸ್ತು ಮಾಡಿ ಕಳಿಸಿದೆ ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದ. ಆ ವರ್ಷ ಮುಂಗಾರಿನಲ್ಲಿ ಎಂದಿಗಿಂತ ಹೆಚ್ಚು ಗಾಡಿಗಳು ಬಂದವು. ಅದು ತನ್ನ ಹೆಸರಿಗೆ ಬಂದದ್ದು ಎಂದುಕೊಂಡ.

ಜುಲೈ ಮೊದಲ ವಾರ ಹೊಸಕೋಟೆ ಕಡೆಯ ಒಬ್ಬ ಗಿರಾಕಿ ಗಿಡ ತುಂಬಿಸಿಕೊಂಡು ಹೋಗುವಾಗ ಕಂಪ್ಯೂಟರಿನಿಂದ ಅಚ್ಚು ಹಾಕಿಸಿದ ಒಂದು ಹಾಳೆಯನ್ನು ಮರದ ಕೆಳಗಿನ ಮಂಚದ ಮೇಲೆ ಬಿಟ್ಟು ಹೋದ. ಗಂಗುಲಪ್ಪ ಎತ್ತಿ ನೋಡಿದ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಅವನಿಗೆ ಬರುತ್ತಿತ್ತು. ಮೇಲೆ ತನ್ನ ನರ್ಸರಿಯ ಹೆಸರು. ಪಕ್ಕದಲ್ಲಿ ತನ್ನದೇ ಗಿಡಗಳ ಫೋಟೊ. ಕೆಳಗೆ ಜಗನ್ ಎಂಬ ಹೆಸರು, ಒಂದು ಮೊಬೈಲ್ ನಂಬರು. ಆ ನಂಬರು ತನ್ನದಲ್ಲ. ಜಗನ್‌ದೂ ಅಲ್ಲ, ಅವನ ನಂಬರು ಗಂಗುಲಪ್ಪನಿಗೆ ಬಾಯಿಪಾಠ. ಇದು ಕಂಡು ಕೇಳದ ಮೂರನೇ ನಂಬರು.

ಹಾಳೆಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ಕರೆದು ಇದೇನೋ ಎಂದು ಕೇಳಿದ್ದರೆ ಒಂದು ನಿಮಿಷದ ಕೆಲಸ. ಆದರೆ ಅನುಮಾನ ಬಂದ ಮನುಷ್ಯ ಕೇಳುವುದಿಲ್ಲ, ಕಾಯುತ್ತಾನೆ. ಕೇಳಿದರೆ ಎದುರಿನವನು ಎಚ್ಚರವಾಗುತ್ತಾನಂತೆ. ಗಂಗುಲಪ್ಪ ಕಾಯತೊಡಗಿದ.

ಕಾಯುವವನಿಗೆ ಎಲ್ಲವೂ ಕಾಣುತ್ತದೆ. ಜಗನ್‌ನ ಹತ್ತಿರ ಎರಡನೇ ಮೊಬೈಲು ಇದ್ದದ್ದು ಕಂಡಿತು. ಅದು ಬಡಿದುಕೊಂಡಾಗ ಅವನು ಸಸಿಗಳಿಗೆ ಕಟ್ಟಿದ ನೆರಳು ಪರದೆಯ ಆಚೆಗೆ ಹೋಗಿ ಮಾತಾಡುವುದು ಕಂಡಿತು. ಹದಿನೈದು ದಿನಕ್ಕೊಮ್ಮೆ ಮಂಚೇನಹಳ್ಳಿಗೆ ಹೋಗಿ ಬರುವುದು, ಹದಿಮೂರು ವರ್ಷದಿಂದ ಹೋಗುತ್ತಿದ್ದದ್ದೇ ಆದರೂ, ಈಗ ಕಂಡಿತು. ಅಲ್ಲಿ ಮುನಿಗಂಗಪ್ಪ ರಸ್ತೆ ಪಕ್ಕದ ಒಂದು ಎಕರೆಗೆ ಹೊಸದಾಗಿ ತಂತಿ ಬೇಲಿ ಹಾಕಿಸಿದ್ದಾನೆ ಎಂಬ ಸುದ್ದಿಯೂ ಕಿವಿಗೆ ಬಿತ್ತು. ಟೀ ಕಾಯಿಸುವವನಿಗೆ ತಂತಿ ಬೇಲಿ ಏತಕ್ಕೆ? ರೇಷ್ಮೆ ಸೊಪ್ಪಿಗಂತೆ, ಓರಗಿತ್ತಿಯೇ ಹೇಳಿದಳು ಎಂದು ಅಶ್ವತ್ಥಮ್ಮ ಅಂದಳು. ಗಂಗುಲಪ್ಪ ನಕ್ಕ. ಅವನಿಗೆ ಪೂರ್ತಿ ಚಿತ್ರ ಸಿಕ್ಕಿತ್ತು. ಅಪ್ಪ ಮಗ ಸೇರಿ ಮಂಚೇನಹಳ್ಳಿಯಲ್ಲಿ ನರ್ಸರಿ ತೆಗೆಯುತ್ತಿದ್ದಾರೆ. ಹೆಸರು ನನ್ನದು, ಫೋಟೊ ನನ್ನದು, ನಂಬರು ಅವರದು. ದೊಡ್ಡ ಗಿರಾಕಿಗಳೆಲ್ಲ ಅಲ್ಲಿಗೆ ಹೋಗುತ್ತಿದ್ದಾರೆ. ನನ್ನ ಕಣ್ಣಿಗೆ ಮಣ್ಣೆರಚಲು ಒಂದಿಷ್ಟು ಜನರನ್ನು ಇಲ್ಲಿಗೆ ಕಳಿಸುತ್ತಿದ್ದಾರೆ.

ಒಂದು ಮಧ್ಯಾಹ್ನ ಚಿಂತಾಮಣಿ ಬಸ್ ಸ್ಟ್ಯಾಂಡಿನ ಎದುರು ರೂಪಾಯಿ ಹಾಕುವ ಫೋನಿನಿಂದ ಆ ನಂಬರಿಗೆ ಹೊಡೆದ. ಬಾಯಿಗೆ ಟವೆಲು ಅಡ್ಡ ಹಿಡಿದಿದ್ದ. ಎತ್ತಿದ್ದು ಜಗನ್. ಅಶ್ವತ್ಥ ನರ್ಸರಿ ಸಾರ್, ಬನ್ನಿ, ಎಷ್ಟು ಬೇಕಾದರೂ ಗಿಡ ಇದೆ, ಬಿಲ್ಲೂ ಕೊಡುತ್ತೇವೆ ಎಂದು ಹರಳು ಹುರಿದಂತೆ ಮಾತಾಡಿದ. ಎಷ್ಟು ಬೇಕಾದರೂ ಇದೆ! ತನ್ನ ಮನೆಯ ಅನ್ನ ತಿಂದ ಹುಡುಗ ಅಷ್ಟು ಧೈರ್ಯವಾಗಿ ಇದೆ ಎಂದದ್ದು ಕೇಳಿ ಗಂಗುಲಪ್ಪನಿಗೆ ಬೇರೆ ಸಾಕ್ಷಿ ಬೇಕೆನಿಸಲಿಲ್ಲ. ತನ್ನ ಗಿಡವಾಗಿದ್ದರೆ ಯಾರು ತಾನೇ ಹಾಗೆ ಹೇಳುತ್ತಾರೆ? ಫೋನಿಟ್ಟು ಅಲ್ಲೇ ಕಲ್ಲಿನ ಮೇಲೆ ಕೂತ. ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು.

ಚಿಂತಾಮಣಿಯಲ್ಲಿ ಎಲ್ಲರಿಗೂ ಅವನ ಗುರುತು. ಹಾಗಾಗಿ ಮಾರನೆಯ ದಿನ ಶಿಡ್ಲಘಟ್ಟಕ್ಕೆ ಬಸ್ಸು ಹತ್ತಿದ. ಅಲ್ಲಿ ಶ್ರೀವಲ್ಲಿ ಎಂಬ ಹೆಣ್ಣುಮಗಳು ಸೈಬರ್ ಸೆಂಟರ್ ನಡೆಸುತ್ತಿದ್ದಳು. ಗಂಡ ಅಚ್ಯುತ್ ಸ್ಕೂಲ್ ಮೇಷ್ಟ್ರು. ಅವಳ ಮಾತು ಮೃದು, ಕೈ ಚುರುಕು. ಗಂಗುಲಪ್ಪ ಮಡಿಸಿದ ಹಾಳೆ ತೋರಿಸಿ, ಈ ನರ್ಸರಿಯವರು ಮೋಸಗಾರರು, ಯಾರೂ ಹೋಗದ ಹಾಗೆ ಇಂಟರ್‌ನೆಟ್ಟಿನಲ್ಲಿ ಏನಾದರೂ ಮಾಡಬಹುದೇ ಎಂದು ಕೇಳಿದ. ಗಿರಾಕಿಗಳು ಅಭಿಪ್ರಾಯ ಬರೆಯುವ ಜಾಗ ಇದೆ, ನರ್ಸರಿ ಹುಡುಕಿದವರಿಗೆಲ್ಲ ಅದು ಕಾಣುತ್ತದೆ ಎಂದು ಅವಳು ಹೇಳಿದಳು. ಬರೆಯಲು ಒಂದು ಹೆಸರು ಬೇಕು ಎಂದಳು. ಗಂಗುಲಪ್ಪ ಬಾಯಿಗೆ ಬಂದ ಹೆಸರು ಹಿಡಿದು ಕೋನಪ್ಪ, ಕೋಲಾರ ಎಂದ.

"ಏನಂತ ಬರೀಲಿ?"

"ಮೋಸ ಮಾಡ್ತಾರೆ ಅಂತ ಬರಿಯಮ್ಮ."

"ಹಂಗೆ ಎಲ್ಲಾರೂ ಬರೀತಾರೆ, ಯಾರೂ ನಂಬಲ್ಲ. ನಿಮಗೆ ಏನು ಮೋಸ ಆಯ್ತು, ಯಾವಾಗ, ಅದನ್ನ ಹೇಳಿ."

ಗಂಗುಲಪ್ಪ ಯೋಚಿಸಿದ. ಜಗನ್ ಯಾರಿಗೂ ಮೋಸ ಮಾಡಿದ್ದು ಅವನಿಗೆ ಗೊತ್ತಿರಲಿಲ್ಲ. ಕಟ್ಟಿ ಹೇಳೋಣವೆಂದರೆ ನಾಲಗೆ ಹೊರಳಲಿಲ್ಲ. ನರ್ಸರಿ ವ್ಯಾಪಾರದಲ್ಲಿ ಅವನು ಕಣ್ಣಾರೆ ಕಂಡ ಮೋಸ ಒಂದೇ ಒಂದು, ಅದು ಅವನೇ ಮಾಡಿದ್ದು. ನಾಲ್ಕು ವರ್ಷದ ಹಿಂದೆ ಬಾದಾಮಿ ಮರದ ಕಡ್ಡಿ ಸಾಲದೆ ಬಂದಾಗ, ಬಾವಿ ಹತ್ತಿರ ಇದ್ದ ಹುಳಿ ಮಾವಿನ ಮರದ ಕಡ್ಡಿ ತೆಗೆದು ಮುನ್ನೂರ ಇಪ್ಪತ್ತು ಗಿಡಕ್ಕೆ ಕಸಿ ಕಟ್ಟಿಸಿದ್ದ. ಮಾರನೆಯ ವರ್ಷ ಅದನ್ನು ಬಾದಾಮಿ ಎಂದು ದೇವನಹಳ್ಳಿ ಕಡೆಯ ಒಬ್ಬ ಡಾಕ್ಟರಿಗೆ ಕೊಟ್ಟಿದ್ದ. ಇದು ಗೊತ್ತಿದ್ದದ್ದು ಅವನಿಗೆ, ಕಸಿ ಕಟ್ಟಿದ ಆವುಲಪ್ಪನಿಗೆ, ಇಬ್ಬರಿಗೇ. ಡಾಕ್ಟರ ತೋಟದಲ್ಲಿ ಗಿಡ ಇನ್ನೂ ಕಾಯಿ ಬಿಟ್ಟಿರಲಿಲ್ಲ.

ಆ ಕಥೆಯನ್ನೇ ಹೇಳಿದ. ಸಂಖ್ಯೆ, ವರ್ಷ, ಬಾವಿ ಹತ್ತಿರದ ಹುಳಿ ಮರ, ಒಂದೂ ಬಿಡಲಿಲ್ಲ. ಶ್ರೀವಲ್ಲಿ ಅದನ್ನು ಇಂಗ್ಲಿಷಿನಲ್ಲಿ ಮೂರು ಸಾಲು ಮಾಡಿ ಬರೆದಳು. ಮುಂದೆ ತಿದ್ದಬೇಕೆಂದರೆ ಬೇಕಾಗುತ್ತದೆ ಎಂದು ಕೋನಪ್ಪನ ಹೆಸರಿಗೆ ಹಾಕಿದ ಪಾಸ್‌ವರ್ಡ್ ಎಂಬ ಗುಟ್ಟು ಪದವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಚೀಟಿ ಎಂದರೆ ಸಾಕ್ಷಿ. ಗಂಗುಲಪ್ಪ ಹೊರಗೆ ಬಂದವನೇ ಅದನ್ನು ಚೂರು ಚೂರು ಮಾಡಿ ಮೋರಿಗೆ ಹಾಕಿದ. ಬಸ್ಸಿನಲ್ಲಿ ಕೂತಾಗ ಬಹಳ ದಿನದ ಮೇಲೆ ಹಗುರವೆನಿಸಿತು.

ಆಮೇಲಿನ ಮೂರು ವಾರ ನೆರಳು ಪರದೆಯ ಆಚೆ ಮೊಬೈಲು ಬಡಿದುಕೊಳ್ಳುವುದು ಕಡಿಮೆಯಾಯಿತು. ಜಗನ್‌ನ ಮುಖ ಬಾಡಿತು. ಗಂಗುಲಪ್ಪ ಅದನ್ನು ನೋಡಿ ಒಳಗೊಳಗೇ ಖುಷಿಪಟ್ಟ. ತನ್ನ ಕಣ್ಣೆದುರೇ ಸಾಲು ಸಾಲು ಗಿಡಗಳು ಮಾರಾಟವಾಗದೆ ನಿಂತಿವೆ ಎಂಬುದು ಆ ಖುಷಿಯಲ್ಲಿ ಅವನ ಲೆಕ್ಕಕ್ಕೇ ಬರಲಿಲ್ಲ.

ಆಗಸ್ಟ್ ನಡುವಿನಲ್ಲಿ ಗೌರಿಬಿದನೂರಿನಿಂದ ದಕ್ಷಿಣಾಮೂರ್ತಿಗಳು ಎಂಬ ನಿವೃತ್ತ ಹೆಡ್‌ಮಾಸ್ಟರ್ ಬಂದರು. ಬಿಳಿ ಪಂಚೆ, ಕೈಯಲ್ಲಿ ಕೊಡೆ, ಬಾಯಿ ತುಂಬ ಪ್ರಶ್ನೆ. ಜಗನ್ ಅವರಿಗೆ ಗಿಡ ಆರಿಸಲು ಒಳಗೆ ಹೋದ. ಗಂಗುಲಪ್ಪ ಅಭ್ಯಾಸದಂತೆ ಎಲ್ಲಾ ಡಲ್ಲು ಸ್ವಾಮಿ ಎಂದು ಶುರು ಮಾಡಿದ. ಹೆಡ್‌ಮಾಸ್ಟರು ಕನ್ನಡಕ ಮೇಲೆತ್ತಿ ಅವನನ್ನೇ ದಿಟ್ಟಿಸಿದರು.

"ಓ, ಏಪ್ರಿಲ್‌ನಲ್ಲಿ ಫೋನ್ ಎತ್ತಿದ್ದು ನೀವೇ ಅಲ್ವೇ? ಗಿಡ ಇಲ್ಲ, ನರ್ಸರಿ ಮುಚ್ತಿದೀವಿ ಅಂದ್ರಲ್ಲ. ನಾನು ಆಸೆ ಬಿಟ್ಟಿದ್ದೆ. ಮೇ ತಿಂಗಳಲ್ಲಿ ನೋಡಿದ್ರೆ ನಂಬರ್ ಬೇರೆ ಇತ್ತು. ಈ ಹುಡುಗ ಎತ್ತಿದ. ಮೊದ್ಲು ಇಲ್ಲ ಅಂದವರು ಯಾರಪ್ಪಾ ಅಂತ ಕೇಳಿದ್ದಕ್ಕೆ ಏನಂದ ಗೊತ್ತೇ? ನಮ್ಮ ದೊಡ್ಡಪ್ಪ ಸಾರ್, ಹೊಸಬರ ಹತ್ರ ಇದೆ ಅನ್ನಕ್ಕೆ ಅವರಿಗೆ ಸಂಕೋಚ, ಅದಕ್ಕೇ ಬೇರೆ ಸಿಮ್ ತಗೊಂಡು ನಾನೇ ಎತ್ತುತೀನಿ, ಅವರಿಗೆ ಹೇಳಿದ್ರೆ ನೊಂದ್ಕೋತಾರೆ ಅಂದ. ಒಳ್ಳೆ ಹುಡುಗನ್ನ ಬೆಳೆಸಿದೀರಿ."

ಗಂಗುಲಪ್ಪನಿಗೆ ಕೂತ ಮಂಚವೇ ಕುಸಿದಂತಾಯಿತು. ಹೆಡ್‌ಮಾಸ್ಟರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಯಾರೋ ಕೋನಪ್ಪ ಎಂಬುವನು ಕೆಟ್ಟದಾಗಿ ಬರೆದಿದ್ದಾನೆ, ನನ್ನ ಅಳಿಯ ಅದನ್ನು ಓದಿ ಅಲ್ಲಿಗೆ ಹೋಗಲೇಬೇಡಿ ಎಂದ, ನಾನೇ ಹಟ ಮಾಡಿ ಕಣ್ಣಾರೆ ನೋಡೋಣವೆಂದು ಬಂದೆ ಎಂದರು. ಅಂಥವರನ್ನು ಸುಮ್ಮನೆ ಬಿಡಬಾರದು ಎಂದೂ ಸೇರಿಸಿದರು. ಹೋಗುವಾಗ ಆ ಪುಟ ಅಚ್ಚು ಹಾಕಿಸಿದ ಹಾಳೆಯನ್ನು ಜಗನ್‌ನ ಕೈಗೆ ಕೊಟ್ಟು ಹೋದರು.

ಮಾರನೆಯ ದಿನ ಮೊದಲ ಬಸ್ಸಿಗೆ ಗಂಗುಲಪ್ಪ ಶಿಡ್ಲಘಟ್ಟಕ್ಕೆ ಓಡಿದ. ಆ ಮೂರು ಸಾಲು ಅಳಿಸಿಬಿಡಮ್ಮ ಎಂದು ಶ್ರೀವಲ್ಲಿಯ ಮುಂದೆ ಕೈಮುಗಿದ. ಚೀಟಿ ಕೊಡಿ ಎಂದಳು. ಚೀಟಿ ಇಲ್ಲ ಎಂದ. ದಿನಕ್ಕೆ ಐವತ್ತು ಜನ ಬರುತ್ತಾರೆ, ಮೂರು ವಾರದ ಹಿಂದೆ ಯಾವ ಗುಟ್ಟು ಪದ ಹಾಕಿದೆ ಎಂದು ನನಗೆ ಹೇಗೆ ನೆನಪಿರುತ್ತದೆ ಎಂದಳು. ನೆನಪಿಗೆ ಬಂದ ಏಳೆಂಟು ಪದ ಹೊಡೆದು ನೋಡಿದಳು, ಒಂದೂ ಬಾಗಿಲು ತೆರೆಯಲಿಲ್ಲ. ಗುಟ್ಟು ಪದ ಇಲ್ಲದಿದ್ದರೆ ಬರೆದ ಕೋನಪ್ಪನೇ ಬಂದು ಕೂತರೂ ಆಗದು ಎಂದಳು. ಆ ಕೋನಪ್ಪ ಎದುರಿಗೇ ಬೆವರುತ್ತ ಕೂತಿದ್ದ.

ಹಿಂದಕ್ಕೆ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಯಾರಿಗೂ ಗೊತ್ತಾಗುವುದಿಲ್ಲ. ಕೋಲಾರದಲ್ಲಿ ಎಷ್ಟು ಜನ ಕೋನಪ್ಪಂದಿರಿಲ್ಲ? ಹುಡುಗನ ಮೇಲೆ ಅನುಮಾನ ಪಟ್ಟದ್ದನ್ನು ಒಳಗೇ ಹೂತುಬಿಡುವುದು. ಮುಂದಿನ ವಾರವೇ ಪತ್ರ ಬರೆಸಿ ನರ್ಸರಿಯನ್ನು ಅವನ ಹೆಸರಿಗೆ ಮಾಡಿಬಿಡುವುದು. ಅದರಿಂದ ಎಲ್ಲಾ ಸರಿಹೋಗುತ್ತದೆ. ಬಸ್ಸು ಇಳಿಯುವ ಹೊತ್ತಿಗೆ ಈ ನಿರ್ಧಾರ ಗಟ್ಟಿಯಾಗಿ, ಮನಸ್ಸಿಗೆ ಸಮಾಧಾನವೂ ಆಗಿತ್ತು.

ಗೇಟು ದಾಟಿದರೆ ಆವುಲಪ್ಪ ಮರದ ಕೆಳಗೆ ನಿಂತಿದ್ದ. ಇಪ್ಪತ್ತೆರಡು ವರ್ಷದಿಂದ ನರ್ಸರಿಯಲ್ಲಿ ಕಸಿ ಕಟ್ಟುತ್ತಿದ್ದವನು. ಆಂಧ್ರದ ಗಡಿಯ ಕಡೆಯವನು, ಮಾತು ಕಡಿಮೆ. ಅವನ ಬಟ್ಟೆ ಬರೆಯ ಗಂಟು ಪಕ್ಕದಲ್ಲಿತ್ತು. ಅಶ್ವತ್ಥಮ್ಮ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಜಗನ್ ಕೈಯಲ್ಲಿ ಹೆಡ್‌ಮಾಸ್ಟರು ಕೊಟ್ಟ ಹಾಳೆ.

"ದೊಡ್ಡಪ್ಪ, ಇದು ಒಳಗಿನೋರೇ ಬರೆಸಿರೋದು" ಎಂದ ಜಗನ್. "ಬಾವಿ ಹತ್ರ ಹುಳಿ ಮರ ಇತ್ತು ಅಂತ ಹೊರಗಿನೋರಿಗೆ ಹೆಂಗೆ ಗೊತ್ತಿರತ್ತೆ? ಅದನ್ನ ಕಡಿದೇ ಎರಡು ವರ್ಷ ಆಯ್ತು. ಬೆಳಗ್ಗೆಯಿಂದ ಕೇಳ್ತಿದೀನಿ, ನೀವು ಬರೆಸಿದ್ರಾ ಆವುಲಪ್ಪಣ್ಣ, ಹಂಗೇನಾದ್ರೂ ನಡೆದಿದ್ದು ನಿಜವಾ ಅಂತ. ಹೌದು ಅನ್ನಲ್ಲ, ಇಲ್ಲ ಅನ್ನಲ್ಲ. ಹೋದ ತಿಂಗಳು ಸಂಬಳ ಜಾಸ್ತಿ ಕೇಳಿದ್ರು, ನೀವು ಕೊಡ್ಲಿಲ್ಲ. ಆ ಸಿಟ್ಟಿಗೆ ಅನ್ಸುತ್ತೆ. ಕೆಲಸ ಬಿಟ್ಟು ಹೋಗಿ ಅಂತ ನಾನೇ ಹೇಳ್ದೆ."

ಆವುಲಪ್ಪ ಜಗನ್‌ನ ಕಡೆ ನೋಡಲಿಲ್ಲ. ಗಂಗುಲಪ್ಪನ ಕಡೆ ನೋಡಿದ. ಅವನಿಗೆ ಗೊತ್ತಿತ್ತು. ಆ ಹುಳಿ ಮರದ ವಿಷಯ ಬಲ್ಲವರು ಲೋಕದಲ್ಲಿ ಇಬ್ಬರೇ. ತಾನು ಬರೆಸಿಲ್ಲ ಎಂದಮೇಲೆ ಉಳಿದವನು ಯಾರೆಂದು ಹೇಳಲು ಓದು ಬರಹ ಬೇಕಾಗಿರಲಿಲ್ಲ.

"ಚೆಪ್ಪಂಡಿ ಅಯ್ಯಾ" ಎಂದ ಮೆಲ್ಲಗೆ. ಹೇಳಿ ಎಂದಷ್ಟೇ ಕೇಳಿದ್ದು. "ನೀವು ಹೋಗು ಅಂದ್ರೆ ಹೋಗ್ತೀನಿ."

ಗಂಗುಲಪ್ಪ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೋಗಲಿ ಬಿಡೋ ಎಂದಿದ್ದರೆ ಆವುಲಪ್ಪ ಗಂಟು ಎತ್ತಿಕೊಂಡು ಹೋಗುತ್ತಿದ್ದ. ಬಾಯಿ ಬಿಡುತ್ತಿರಲಿಲ್ಲ. ಅಷ್ಟು ವರ್ಷ ಬಿಡದವನು ಇನ್ನು ಮುಂದೆಯೂ ಬಿಡುತ್ತಿರಲಿಲ್ಲ. ಅದು ಗಂಗುಲಪ್ಪನಿಗೆ ಖಚಿತವಾಗಿತ್ತು. ಜೀವಮಾನದಲ್ಲಿ ಒಬ್ಬ ಮನುಷ್ಯನ ಬಗ್ಗೆ ಇಷ್ಟು ಖಚಿತವಾಗಿ ಅವನಿಗೆ ಯಾವತ್ತೂ ಅನಿಸಿರಲಿಲ್ಲ, ಮತ್ತು ಆ ಮನುಷ್ಯ ಗಂಟು ಕಟ್ಟಿಕೊಂಡು ನಿಂತಿದ್ದ. ಗಂಗುಲಪ್ಪನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಅವನಲ್ಲ ಕಣೋ" ಎಂದ. "ನಾನೇ ಬರೆಸ್ದೆ."

ಜಗನ್‌ಗೆ ಅರ್ಥವಾಗಲಿಲ್ಲ. ಗಂಗುಲಪ್ಪ ನಿಂತಲ್ಲೇ ಎಲ್ಲವನ್ನೂ ಹೇಳಿದ. ಮಂಚದ ಮೇಲೆ ಸಿಕ್ಕಿದ ಹಾಳೆ, ಹೊಸ ನಂಬರು, ಮಂಚೇನಹಳ್ಳಿಯ ಬೇಲಿ, ಟವೆಲು ಅಡ್ಡ ಹಿಡಿದು ಮಾಡಿದ ಫೋನು, ಶಿಡ್ಲಘಟ್ಟ, ಕೋನಪ್ಪ. ಹುಳಿ ಮರದ ಕಡ್ಡಿ ಕಟ್ಟಿಸಿದ್ದು ನಿಜ, ಆವುಲಪ್ಪ ಬೇಡ ಬೇಡ ಎಂದಿದ್ದ, ನಾನೇ ಗದರಿಸಿ ಕಟ್ಟಿಸಿದೆ ಎಂಬುದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು. ಅಶ್ವತ್ಥಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. ಇಷ್ಟು ವರ್ಷ ಸಂಸಾರ ಮಾಡಿದ ಗಂಡನನ್ನು ಯಾರೋ ದಾರಿಹೋಕನನ್ನು ನೋಡುವಂತೆ ನೋಡಿದಳು.

ಜಗನ್ ಮೊದಲು ಮಾಡಿದ ಕೆಲಸ ಆವುಲಪ್ಪನ ಗಂಟು ಎತ್ತಿಕೊಂಡು ಹೋಗಿ ಅವನ ಕೋಣೆಯಲ್ಲಿ ಇಟ್ಟು ಬಂದದ್ದು. ಬಂದು ಅವನ ಎರಡೂ ಕೈ ಹಿಡಿದು ತಪ್ಪಾಯ್ತು ಅಣ್ಣಾ ಎಂದ. ಆವುಲಪ್ಪ ಅವನ ಭುಜ ತಟ್ಟಿ, ನೀನು ಕೇಳಿದೆಯಲ್ಲಪ್ಪ, ಅಷ್ಟು ಸಾಕು ಎಂದು ಕೆಲಸಕ್ಕೆ ನಡೆದ. ಆಮೇಲೆ ಜಗನ್ ದೊಡ್ಡಪ್ಪನ ಕಡೆ ತಿರುಗಿ ಆ ಡಾಕ್ಟರ ನಂಬರು ಇದೆಯೇ ಎಂದು ಕೇಳಿದ. ಇದೆ ಎಂದ ಗಂಗುಲಪ್ಪ. ಕಾಯಿ ಬಿಡುವುದಕ್ಕೆ ಮೊದಲೇ ಫೋನ್ ಮಾಡಿ ನೀವೇ ಹೇಳಿಬಿಡಿ, ಮುನ್ನೂರ ಇಪ್ಪತ್ತು ಬಾದಾಮಿ ಗಿಡ ನಾವೇ ತಂದು ನೆಟ್ಟು ಕೊಡುತ್ತೇವೆ ಎನ್ನಿ ಎಂದ. ಕೋನಪ್ಪನ ಮೂರು ಸಾಲು ಅಳಿಸಲು ಆಗದಿದ್ದರೆ ಬೇಡ, ಅದರ ಕೆಳಗೇ ಇದು ನಿಜ, ಗಿಡ ಬದಲಾಯಿಸಿ ಕೊಟ್ಟಿದ್ದೇವೆ ಎಂದು ಬರೆಯೋಣ ಎಂದ. ಗಂಗುಲಪ್ಪ ಎಲ್ಲದಕ್ಕೂ ತಲೆ ಆಡಿಸಿದ. ಹುಡುಗ ಕೂಗಾಡಲಿಲ್ಲ, ಬಯ್ಯಲಿಲ್ಲ. ಗಂಡಾಂತರ ಕಳೆಯಿತು ಎಂದು ಅವನಿಗೆ ಅನಿಸಿತು.

"ಜಗನ್, ಬರೋ ಸೋಮವಾರ ಪತ್ರ ಬರೆಸಣ ಕಣಪ್ಪ. ಎಲ್ಲಾ ನಿನ್ನ ಹೆಸರಿಗೆ" ಎಂದ.

"ಪತ್ರ ಬೇಡ ದೊಡ್ಡಪ್ಪ. ಆವುಲಪ್ಪಣ್ಣನಿಗೆ ತಿಂಗಳಿಗೆ ಎಷ್ಟು ಕೊಡ್ತೀರಿ?"

"ಅದ್ಯಾಕೆ ಈಗ?"

"ನಂಗೂ ಒಂದು ಸಂಬಳ ಗೊತ್ತು ಮಾಡಿ. ನಾಳೆಯಿಂದ ಆಳಾಗಿ ಇರ್ತೀನಿ." ಜಗನ್ ಹಾಳೆಯನ್ನು ಮಡಿಸುತ್ತಿದ್ದ. "ಆಳಿನ ಮೇಲೆ ಅನುಮಾನ ಬಂದ್ರೆ ಎದುರಿಗೆ ನಿಲ್ಲಿಸ್ಕೊಂಡು ಕೇಳ್ತಾರೆ. ನಾನು ಆವುಲಪ್ಪಣ್ಣನ್ನ ಕೇಳ್ಲಿಲ್ವಾ, ಹಂಗೆ. ನೀವು ನನ್ನನ್ನ ಅಷ್ಟೂ ಕೇಳ್ಲಿಲ್ಲ."

ಹೇಳಿ ಅವನು ಆವುಲಪ್ಪ ಹೋದ ಕಡೆಗೇ ಹೋದ. ಗಂಗುಲಪ್ಪನಿಗೆ ಅವನನ್ನು ಕೂಗಿ ನಿಲ್ಲಿಸಬೇಕೆನಿಸಿತು. ಮಗನೇ ಎಂದು ಕರೆಯಲು ಬಾಯಿ ತೆರೆದ. ಹದಿಮೂರು ವರ್ಷದಲ್ಲಿ ಒಮ್ಮೆಯೂ ಹಾಗೆ ಕರೆದು ಅಭ್ಯಾಸವಿರಲಿಲ್ಲ, ದನಿ ಹೊರಡಲಿಲ್ಲ.